ಗಿರಾಕಿಗಳ ಮಾಹಿತಿ ನಿಮ್ಮ ಫೋನಿನಲ್ಲಿದೆ: ಸಣ್ಣ ಅಂಗಡಿಯವರು ಅದನ್ನು ಜೋಪಾನ ಮಾಡುವುದು ಹೇಗೆ?

ಇಳಕಲ್ ಸೀರೆ ಇರಲಿ, ಚನ್ನಪಟ್ಟಣದ ಗೊಂಬೆ ಇರಲಿ, ಮನೆಯಲ್ಲಿ ಕರಿದ ಚಕ್ಕುಲಿ ಇರಲಿ, ಸಣ್ಣ ವ್ಯಾಪಾರ ಈಗ ನಡೆಯುವುದು ಫೋನಿನಲ್ಲೇ. ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕುತ್ತೀರಿ, ವಾಟ್ಸಾಪ್‌ನಲ್ಲಿ ಆರ್ಡರ್ ಬರುತ್ತದೆ, ಯುಪಿಐನಲ್ಲಿ ದುಡ್ಡು ಬೀಳುತ್ತದೆ, ಕೊರಿಯರ್‌ನವರು ಪಾರ್ಸೆಲ್ ಒಯ್ಯುತ್ತಾರೆ. ಹೊರಗೆ ಒಂದು ಬೋರ್ಡ್ ಕೂಡ ಹಾಕದೆ ಚೆನ್ನಾಗಿ ವ್ಯಾಪಾರ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಅಂಥ ಒಂದು ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸೀರೆ ಮಾರುತ್ತಾರೆ, ಬ್ಲೌಸ್ ಹೊಲಿದು ಕೊಡುತ್ತಾರೆ, ಕುಚ್ಚು ಕಟ್ಟಿಸುತ್ತಾರೆ. ನಡೆಸುವವರು ಒಬ್ಬರು ಅಕ್ಕ. ಪ್ಯಾಕಿಂಗ್‌ಗೆ ಒಬ್ಬ ಹುಡುಗಿ ಬರುತ್ತಾಳೆ, ಲೆಕ್ಕ ನೋಡಲು ತಿಂಗಳಿಗೊಮ್ಮೆ ಒಬ್ಬರು ಬರುತ್ತಾರೆ. ಈ ಅಕ್ಕನ ಫೋನ್ ತೆರೆದರೆ ಒಬ್ಬ ಗಿರಾಕಿಯ ಬಗ್ಗೆ ಏನೇನು ಸಿಗುತ್ತದೆ ನೋಡಿ. ಹೆಸರು, ನಂಬರ್, ಮನೆ ವಿಳಾಸ. ‘ಗಣಪತಿ ಗುಡಿ ಪಕ್ಕದ ಸಂದಿ, ಹಸಿರು ಗೇಟು’ ಅನ್ನುವ ಗುರುತು. ‘ಮಧ್ಯಾಹ್ನ ಎರಡರ ಮೇಲೆ ಬರೋಕೆ ಹೇಳಿ ಅಕ್ಕಾ, ಅಲ್ಲಿವರೆಗೆ ಮನೇಲಿ ಯಾರೂ ಇರಲ್ಲ’ ಅನ್ನುವ ವಾಯ್ಸ್ ಮೆಸೇಜ್. ಎದೆ, ಸೊಂಟ, ತೋಳಿನ ಅಳತೆ ಬರೆದ ಚೀಟಿಯ ಫೋಟೊ. ದುಡ್ಡು ಹಾಕಿದ್ದಕ್ಕೆ ಸ್ಕ್ರೀನ್‌ಶಾಟ್, ಅದರಲ್ಲಿ ಬ್ಯಾಂಕಿನ ಹೆಸರು, ಯುಪಿಐ ಐಡಿ. ಸೀರೆ ಉಟ್ಟು ತೆಗೆದ ಸೆಲ್ಫಿ. ಡಿಸ್ಕೌಂಟ್ ಕೊಡೋಣ ಅಂತ ಯಾವತ್ತೋ ಕೇಳಿಟ್ಟುಕೊಂಡ ಹುಟ್ಟಿದ ತಾರೀಖು.

ಮನೆ ಯಾವಾಗ ಖಾಲಿ ಇರುತ್ತದೆ ಅನ್ನುವುದೂ ಈ ಫೋನಿನಲ್ಲಿದೆ. ಇದು ಯಾರ ಕೈಗೋ ಸಿಕ್ಕರೆ? ಬ್ಯಾಂಕ್ ಸರ್ವರ್ ಹ್ಯಾಕ್ ಆದ ಸುದ್ದಿ ಓದಿದಾಗ ‘ನಮ್ಮಂಥವರಿಗೇನು’ ಅನ್ನಿಸುವುದು ಸಹಜ. ಸಣ್ಣ ಅಂಗಡಿಯಿಂದ ಮಾಹಿತಿ ಸೋರುವ ದಾರಿಯೇ ಬೇರೆ. ಎಲ್ಲರನ್ನೂ ಸೇರಿಸಿದ ವಾಟ್ಸಾಪ್ ಗ್ರೂಪು, ಕೆಲಸ ಬಿಟ್ಟವರ ಫೋನು, ಲಿಂಕ್ ಇದ್ದವರೆಲ್ಲ ತೆರೆಯಬಹುದಾದ ಗೂಗಲ್ ಶೀಟು, ರಿಪೇರಿಗೆ ಕೊಟ್ಟ ಮೊಬೈಲು. ಇವನ್ನು ಸರಿಮಾಡಲು ದುಡ್ಡು ಖರ್ಚಾಗುವುದು ತೀರಾ ಕಡಿಮೆ. ಒಂದೆರಡು ಮಧ್ಯಾಹ್ನ ಕೂತರೆ ಮುಗಿಯುವ ಕೆಲಸ.

ಮೊದಲು ಕಾನೂನಿನ ವಿಷಯ

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಕೇಸಿನಲ್ಲಿ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲೇ ಕೋರ್ಟಿಗೆ ಹೋಗಿದ್ದರು. ಆ ತೀರ್ಪಿನ ಬೆನ್ನಿಗೆ ಶುರುವಾದ ಚರ್ಚೆ ಕೊನೆಗೆ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆ ಆಯಿತು. ಎಲ್ಲರೂ ಡಿಪಿಡಿಪಿ ಕಾಯ್ದೆ ಅನ್ನುವುದು ಇದಕ್ಕೇ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ವ್ಯಾಪಾರಿಗಳು ಪಾಲಿಸಬೇಕಾದ ಮುಖ್ಯ ಭಾಗಕ್ಕೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ತನಕ.

ಸಣ್ಣ ಅಂಗಡಿಗೂ ಇದು ಅನ್ವಯಿಸುತ್ತದಾ? ಹೌದು. ವಹಿವಾಟು ಇಷ್ಟರ ಕೆಳಗಿದ್ದರೆ ಬೇಡ ಅನ್ನುವ ಮಿತಿ ಕಾಯ್ದೆಯಲ್ಲಿಲ್ಲ. ಸ್ಟಾರ್ಟಪ್‌ಗಳೂ ಸೇರಿದಂತೆ ಕೆಲವು ಬಗೆಯವರಿಗೆ ಕೆಲವು ಕಲಮುಗಳಿಂದ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕಿದೆ ಅಷ್ಟೆ. ಮನೆಮಟ್ಟಿಗೆ, ಸ್ವಂತಕ್ಕೆ ಇಟ್ಟುಕೊಂಡ ನಂಬರುಗಳಿಗೆ ಕಾಯ್ದೆ ಬರುವುದಿಲ್ಲ. ಕಾಗದದಲ್ಲೇ ಇರುವ ಅಳತೆ ಪುಸ್ತಕಕ್ಕೂ ಬರುವುದಿಲ್ಲ. ಅದೇ ಪುಟದ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಂಡಿರೋ, ಬಂತು.

ಸುರಕ್ಷತೆಗೆ ತಕ್ಕ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ಈ ಅಂಕಿ ತೋರಿಸಿ ಹೆದರಿಸಿ ‘ಕಾಂಪ್ಲಯನ್ಸ್ ಪ್ಯಾಕೇಜ್’ ಮಾರುವವರು ನಿಮ್ಮ ಬಾಗಿಲಿಗೂ ಬರುತ್ತಾರೆ. ಅದು ಗರಿಷ್ಠ ಮಿತಿ. ತಪ್ಪು ಎಷ್ಟು ದೊಡ್ಡದು, ಎಷ್ಟು ಸಲ ಆಯಿತು, ಸರಿಪಡಿಸಲು ಏನು ಮಾಡಿದಿರಿ ಅನ್ನುವುದನ್ನೆಲ್ಲ ನೋಡಿಯೇ ಡೇಟಾ ಪ್ರೊಟೆಕ್ಷನ್ ಬೋರ್ಡ್ (ಈ ಕಾಯ್ದೆಯ ದೂರುಗಳನ್ನು ವಿಚಾರಿಸುವ ಸಂಸ್ಥೆ) ದಂಡ ಹಾಕಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಹೆದರಿ ದುಡ್ಡು ಸುರಿಯುವ ಮೊದಲು ಕೆಳಗಿನ ಕೆಲಸಗಳನ್ನು ನೀವೇ ಮಾಡಿ.

1. ಎಲ್ಲೆಲ್ಲಿ ಏನೇನಿದೆ, ಬರೆಯಿರಿ

ಒಂದು ಹಾಳೆ ತಗೊಂಡು ನಾಲ್ಕು ಕಾಲಂ ಹಾಕಿ: ಏನು ಮಾಹಿತಿ, ಎಲ್ಲಿದೆ, ಯಾರು ನೋಡಬಹುದು, ಯಾಕೆ ಬೇಕು. ಸೀರೆ ಅಂಗಡಿಯ ಹಾಳೆ ಹೀಗೆ ಶುರುವಾಗಬಹುದು. ವಿಳಾಸ: ವಾಟ್ಸಾಪ್ ಚಾಟ್, ಗೂಗಲ್ ಶೀಟ್, ಕೊರಿಯರ್ ಆ್ಯಪ್. ಅಳತೆ: ಫೋನಿನ ಗ್ಯಾಲರಿ, ಟೈಲರ್ ಫೋನು. ಪೇಮೆಂಟ್ ಸ್ಕ್ರೀನ್‌ಶಾಟ್: ಗ್ಯಾಲರಿ. ಹುಟ್ಟಿದ ತಾರೀಖು: ಗೂಗಲ್ ಫಾರ್ಮ್.

ಬರೆಯುತ್ತಾ ಹೋದಂತೆ ಒಂದೇ ವಿಳಾಸ ಐದಾರು ಕಡೆ ಬಿದ್ದಿರುವುದು ಕಾಣುತ್ತದೆ. ಮಗನ ಹಳೆಯ ಲ್ಯಾಪ್‌ಟಾಪು, ಎರಡು ವರ್ಷದ ಹಿಂದೆ ಬಿಟ್ಟ ಬಿಲ್ಲಿಂಗ್ ಆ್ಯಪು, ಇಮೇಲಿನಲ್ಲಿ ಕಳಿಸಿಕೊಂಡ ಎಕ್ಸೆಲ್ ಫೈಲು ಇವೆಲ್ಲ ಆಮೇಲೆ ನೆನಪಿಗೆ ಬರುತ್ತವೆ. ‘ಯಾಕೆ ಬೇಕು’ ಅನ್ನುವ ಕಾಲಂನಲ್ಲಿ ಬರೆಯಲು ಏನೂ ತೋಚದಿದ್ದರೆ ಆ ಸಾಲಿಗೆ ಒಂದು ಗುರುತು ಹಾಕಿ. ಮುಂದೆ ತೆಗೆಯಬೇಕಾದ್ದು ಅದೇ.

2. ಬೇಡದ್ದನ್ನು ಕೇಳಲೇಬೇಡಿ

ನಿಮ್ಮ ಹತ್ತಿರ ಇಲ್ಲದ್ದು ಸೋರುವುದಿಲ್ಲ. ಪಾರ್ಸೆಲ್ ಕಳಿಸಲು ಹೆಸರು, ವಿಳಾಸ, ಪಿನ್‌ಕೋಡ್, ಒಂದು ನಂಬರ್ ಸಾಕು. ಜನ್ಮದಿನದ ಡಿಸ್ಕೌಂಟ್ ಕೊಡಲೇಬೇಕಿದ್ದರೆ ತಿಂಗಳು ಕೇಳಿ. ತಾರೀಖು, ಇಸವಿ ಯಾಕೆ? ಕೌಂಟರಿನಲ್ಲಿ ಬಿಲ್ ಮಾಡುವಾಗ ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡುವುದನ್ನು ಬಿಡಿ. ಹಾಗೆ ಒತ್ತಾಯಿಸಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ಸೂಚನೆ ಕೊಟ್ಟಿತ್ತು.

ಕಾರ್ಡ್ ನಂಬರ್ ಬರೆದಿಟ್ಟುಕೊಳ್ಳುವಂತೆಯೇ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಅಂಗಡಿಗಳು, ವೆಬ್‌ಸೈಟುಗಳು ಗಿರಾಕಿಗಳ ಕಾರ್ಡ್ ವಿವರ ಉಳಿಸಿಕೊಳ್ಳುವುದಕ್ಕೆ ಅವಕಾಶವಿಲ್ಲ. ಪೇಮೆಂಟ್ ಗೇಟ್‌ವೇ ಕೈಗೇ ಆ ಕೆಲಸ ಬಿಡಿ. ಫೋನ್ ಮಾಡಿ ‘ಕಾರ್ಡ್ ನಂಬರ್ ಹೇಳ್ತೀನಿ, ಹಾಕ್ಕೊಳ್ಳಿ’ ಅನ್ನುವ ವಯಸ್ಸಾದ ಗಿರಾಕಿಗಳೂ ಇರುತ್ತಾರೆ. ನಯವಾಗಿ ಬೇಡ ಅನ್ನಿ, ಪೇಮೆಂಟ್ ಲಿಂಕ್ ಕಳಿಸಿ.

ಇನ್ನು ಆಧಾರ್. ಚಿಕ್ಕಮಗಳೂರು, ಕೊಡಗಿನ ಕಡೆ ಹೋಮ್‌ಸ್ಟೇ ನಡೆಸುವವರು ಬುಕಿಂಗ್ ಆದ ಕೂಡಲೇ ‘ಎಲ್ಲರ ಆಧಾರ್ ಫೋಟೊ ವಾಟ್ಸಾಪ್ ಮಾಡಿ’ ಅನ್ನುತ್ತಾರೆ. ಬಂದವರ ಗುರುತು ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಬೇರೆ, ನೂರಾರು ಆಧಾರ್ ಫೋಟೊ ಫೋನಿನ ಗ್ಯಾಲರಿಯಲ್ಲಿ ಬಿದ್ದಿರುವುದು ಬೇರೆ. ಬಂದಾಗ ಗುರುತಿನ ಚೀಟಿ ತೋರಿಸಲು ಹೇಳಿ. ಪ್ರತಿ ಬೇಕೇಬೇಕು ಅಂತಿದ್ದರೆ ಮಾಸ್ಕ್ಡ್ ಆಧಾರ್ ಕೇಳಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ವೆಬ್‌ಸೈಟಿನಲ್ಲಿ ಅದನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು, ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ ತೋರಿಸುತ್ತೇನೆ ಅಂದರೆ ಬೇಡ ಅನ್ನಬೇಡಿ.

ಟ್ಯೂಷನ್, ಡ್ಯಾನ್ಸ್ ಕ್ಲಾಸ್, ಮಕ್ಕಳ ಬಟ್ಟೆ ಅಂಗಡಿಯವರಿಗೆ ಒಂದು ಮಾತು. ಈ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಮಗುವಿನ ನಂಬರ್ ತಗೊಳ್ಳುವ ಬದಲು ಅಪ್ಪ ಅಮ್ಮನ ನಂಬರೇ ತಗೊಳ್ಳಿ, ಜಾಹೀರಾತು ಮೆಸೇಜ್‌ಗಳನ್ನು ಮಕ್ಕಳಿಗೆ ಕಳಿಸಬೇಡಿ.

3. ಯಾಕೆ ಅಂತ ಹೇಳಿ, ಒಪ್ಪಿಗೆ ಕೇಳಿ

ಇಲ್ಲಿ ಬಹಳ ಜನರಿಗೆ ಗೊಂದಲ ಇದೆ. ಆರ್ಡರ್ ಕೊಡುವಾಗ ಗಿರಾಕಿ ತಾನಾಗಿಯೇ ವಿಳಾಸ ಕೊಟ್ಟರೆ ಆ ಪಾರ್ಸೆಲ್ ಕಳಿಸಲು ಬಳಸಬಹುದು. ಅದಕ್ಕೆ ಮೂರು ಪುಟದ ಫಾರಂಗೆ ಸಹಿ ಬೇಕಿಲ್ಲ. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ: ಮೆಡಿಕಲ್ ಸ್ಟೋರಿನಲ್ಲಿ ಔಷಧಿ ಕೊಂಡವರು ರಸೀದಿ ಮೆಸೇಜ್ ಮಾಡಿ ಅಂತ ನಂಬರ್ ಕೊಟ್ಟರೆ, ಅಂಗಡಿಯವರು ರಸೀದಿ ಕಳಿಸಲು ಅದನ್ನು ಬಳಸಬಹುದು. ಹಾಗಂತ ಅದೇ ನಂಬರಿಗೆ ದೀಪಾವಳಿ ಆಫರ್ ಕಳಿಸುವುದು ಬೇರೆ ವಿಷಯ. ಅದಕ್ಕೆ ಬೇರೆಯಾಗಿ ಒಪ್ಪಿಗೆ ಬೇಕು.

ಒಪ್ಪಿಗೆ ಕೇಳುವಾಗ ಏನು ತಗೊಳ್ಳುತ್ತೀರಿ, ಯಾಕೆ, ಬೇಡವಾದಾಗ ಹೇಗೆ ವಾಪಸ್ ತಗೊಳ್ಳಬಹುದು, ದೂರು ಎಲ್ಲಿ ಕೊಡಬಹುದು ಅನ್ನುವುದನ್ನು ಸರಳವಾಗಿ ಹೇಳಬೇಕು. ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಅದನ್ನು ಓದಿಕೊಳ್ಳುವ ಅವಕಾಶ ಗಿರಾಕಿಗೆ ಇರಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡ ಇದ್ದೇ ಇದೆ. ಹಾಗಾಗಿ ಅಮೆರಿಕದ ಯಾವುದೋ ವೆಬ್‌ಸೈಟಿನಿಂದ ಪ್ರೈವಸಿ ಪಾಲಿಸಿ ಕದ್ದು ಅಂಟಿಸುವ ಬದಲು, ನಿಮ್ಮ ಮಾತಿನಲ್ಲೇ ಬರೆಯಿರಿ. ಸೀರೆ ಅಂಗಡಿಗೆ ಇಷ್ಟು ಸಾಕು:

*‘ನಮಸ್ಕಾರ. ನಿಮ್ಮ ಹೆಸರು, ನಂಬರ್, ವಿಳಾಸ ತಗೊಳ್ಳುವುದು ಪಾರ್ಸೆಲ್ ಕಳಿಸಲು ಮತ್ತು ಬಿಲ್ ಮಾಡಲು. ಅಳತೆ ತಗೊಳ್ಳುವುದು ಬ್ಲೌಸ್ ಹೊಲಿಯಲು. ವಿಳಾಸ, ನಂಬರ್ ಕೊರಿಯರ್‌ನವರಿಗೆ, ಬಿಲ್ ನಮ್ಮ ಲೆಕ್ಕದವರಿಗೆ, ಅಳತೆ ನಮ್ಮ ಟೈಲರಿಗೆ ಹೋಗುತ್ತದೆ. ಹೊಸ ಸ್ಟಾಕ್ ಬಂದಾಗ ಮೆಸೇಜ್ ಬೇಕಿದ್ದರೆ ಮಾತ್ರ “ಬೇಕು” ಅಂತ ಕಳಿಸಿ. ಆಮೇಲೆ ಯಾವಾಗ ಬೇಕಾದರೂ “ಬೇಡ” ಅಂದರೆ ನಿಲ್ಲಿಸುತ್ತೇವೆ. ನಿಮ್ಮ ಮಾಹಿತಿ ನೋಡಲು, ತಿದ್ದಿಸಲು, ತೆಗೆಸಲು ಇದೇ ನಂಬರಿಗೆ ಹೇಳಿ. ನಮ್ಮಿಂದ ಸರಿಹೋಗದಿದ್ದರೆ ಡೇಟಾ ಪ್ರೊಟೆಕ್ಷನ್ ಬೋರ್ಡ್ ಆಫ್ ಇಂಡಿಯಾಗೆ ದೂರು ಕೊಡಬಹುದು.’*

ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ. ಈ ಮೆಸೇಜನ್ನು ಅಲ್ಲಿ ಸೇವ್ ಮಾಡಿದರೆ ಒಂದು ಓರೆಗೀಟು (/) ಒತ್ತಿ ಶಾರ್ಟ್‌ಕಟ್ ಹೊಡೆದರೆ ಸಾಕು, ಪೂರ್ತಿ ಬರುತ್ತದೆ. ‘ಬೇಕು’ ಅಂದವರ ಚಾಟಿಗೆ ಒಂದು ಲೇಬಲ್ ಹಾಕಿ. ಒಪ್ಪಿಗೆ ಕೊಟ್ಟಿದ್ದಕ್ಕೆ ಆ ಮೆಸೇಜೇ ದಾಖಲೆ. ಗೂಗಲ್ ಫಾರ್ಮ್ ಬಳಸುವವರು ‘ಆಫರ್ ಮೆಸೇಜ್ ಬೇಕು’ ಅನ್ನುವ ಚೌಕದಲ್ಲಿ ಮೊದಲೇ ಟಿಕ್ ಹಾಕಿ ಇಡಬೇಡಿ. ಗಿರಾಕಿ ತಾನೇ ಒತ್ತಬೇಕು.

ಹಳೆಯ ಗಿರಾಕಿಗಳು? ಕಾಯ್ದೆ ಜಾರಿಗೆ ಬರುವ ಮೊದಲು ಒಪ್ಪಿದವರಿಗೂ ಆಮೇಲೆ ಆದಷ್ಟು ಬೇಗ ಇಂಥ ತಿಳಿವಳಿಕೆ ಕೊಡಬೇಕು. ಮುಂದಿನ ಸಲ ಅವರು ಆರ್ಡರ್ ಮಾಡಿದಾಗ ಇದೇ ಮೆಸೇಜ್ ಕಳಿಸುತ್ತಾ ಬಂದರೆ ವರ್ಷದೊಳಗೆ ಬಹುಪಾಲು ಮುಗಿಯುತ್ತದೆ.

ಫೋಟೊಗಳ ಬಗ್ಗೆ ಎಚ್ಚರ. ಸೀರೆ ಉಟ್ಟ ಸೆಲ್ಫಿ ಕಳಿಸಿ ‘ತುಂಬಾ ಚೆನ್ನಾಗಿದೆ ಅಕ್ಕಾ’ ಅಂದರೆ, ಅದು ನಿಮಗೆ ಕಳಿಸಿದ್ದು. ಸ್ಟೇಟಸ್‌ಗೆ ಹಾಕುವ ಮೊದಲು ‘ನಿಮ್ಮ ಫೋಟೊ ಪೇಜಿನಲ್ಲಿ ಹಾಕಬಹುದಾ?’ ಅಂತ ಕೇಳಿ. ರಿವ್ಯೂ ಅಂತ ಚಾಟಿನ ಸ್ಕ್ರೀನ್‌ಶಾಟ್ ಹಾಕುವವರೂ ಜಾಸ್ತಿ. ಮೇಲಿನ ಪಟ್ಟಿಯಲ್ಲಿ ಹೆಸರೋ ನಂಬರೋ ಡಿಪಿಯೋ ಹಾಗೇ ಕಾಣುತ್ತಿರುತ್ತದೆ. ಅಷ್ಟು ಭಾಗ ಕ್ರಾಪ್ ಮಾಡಿ.

4. ವಾಟ್ಸಾಪ್ ಸರಿಮಾಡಿ

ಸಣ್ಣ ವ್ಯಾಪಾರದ ಅರ್ಧ ಮಾಹಿತಿ ಇರುವುದು ಇಲ್ಲೇ. ಹಾಗಾಗಿ ಬೇರೆ ಯಾವುದಕ್ಕೂ ಪುರುಸೊತ್ತಿಲ್ಲ ಅನ್ನುವವರು ಇದೊಂದನ್ನಾದರೂ ಮಾಡಿ.

ಅಂಗಡಿಗೆ ಬೇರೆ ಸಿಮ್, ಬೇರೆ ವಾಟ್ಸಾಪ್ ಬಿಸಿನೆಸ್ ಖಾತೆ ಇರಲಿ. ಮನೆಯವರ ಚಾಟೂ ಗಿರಾಕಿಗಳ ಚಾಟೂ ಒಂದೇ ಕಡೆ ಇದ್ದರೆ ಒಬ್ಬರ ಅಳತೆ ಚೀಟಿ ಇನ್ನೊಬ್ಬರಿಗೆ ಫಾರ್ವರ್ಡ್ ಆಗುವುದು ಸುಲಭ.

ಗಿರಾಕಿಗಳನ್ನು ಗ್ರೂಪಿಗೆ ಸೇರಿಸಬೇಡಿ. ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರ್ ಮಿಕ್ಕವರಿಗೆಲ್ಲ ಕಾಣುತ್ತದೆ. ಇನ್ನೂರು ಹೆಣ್ಣುಮಕ್ಕಳ ನಂಬರ್ ಅಪರಿಚಿತರ ಕೈಗೆ ಕೊಟ್ಟ ಹಾಗಾಯಿತು. ‘ಹಾಯ್’ ಅಂತ ರಾತ್ರಿ ಮೆಸೇಜ್ ಬಂದಾಗ ಅವರು ಬೈಯುವುದು ನಿಮ್ಮನ್ನೇ. ಇನ್ನೊಬ್ಬ ಸೀರೆ ವ್ಯಾಪಾರಿ ನಿಮ್ಮ ಗ್ರೂಪ್ ಸೇರಿ ಎಲ್ಲ ನಂಬರ್ ಎತ್ತಿಕೊಂಡು ಹೋಗುವುದೂ ನಡೆಯುತ್ತದೆ, ಅದು ವ್ಯಾಪಾರಕ್ಕೇ ಪೆಟ್ಟು. ಬದಲಿಗೆ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದು ಲಿಸ್ಟಿಗೆ 256 ಜನ, ಮೆಸೇಜ್ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಅದು ಒಳ್ಳೆಯದೇ. ಬರೀ ಸ್ಟಾಕ್ ತೋರಿಸಲಿಕ್ಕಾದರೆ ವಾಟ್ಸಾಪ್ ಚಾನೆಲ್ ಇನ್ನೂ ಅನುಕೂಲ. ಅಲ್ಲಿ ಒಬ್ಬ ಫಾಲೋವರ್‌ನ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ.

ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ. ಇದು ಆನ್ ಇದ್ದರೆ ಗಿರಾಕಿ ಕಳಿಸಿದ ಪ್ರತಿ ಫೋಟೊ ನಿಮ್ಮ ಗ್ಯಾಲರಿಗೆ ಬರುತ್ತದೆ. ಗ್ಯಾಲರಿ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗುತ್ತಿದ್ದರೆ ಅಲ್ಲಿಗೂ ಹೋಗುತ್ತದೆ. ಮನೆಯವರೆಲ್ಲ ಕೂತು ಟಿವಿಯಲ್ಲಿ ಪ್ರವಾಸದ ಫೋಟೊ ನೋಡುವಾಗ ನಡುವೆ ಯಾರದೋ ಬ್ಲೌಸ್ ಅಳತೆಯ ಫೋಟೊ ಬಂದರೆ ಹೇಗಿರುತ್ತದೆ ಹೇಳಿ. ಚಾಟ್ ಸೆಟ್ಟಿಂಗ್‌ನಲ್ಲಿ ಒಂದು ಬಟನ್ ಒತ್ತಿದರೆ ಮುಗಿಯಿತು.

ಟೂ ಸ್ಟೆಪ್ ವೆರಿಫಿಕೇಷನ್ ಹಾಕಿ 6 ಅಂಕಿಯ ಪಿನ್ ಇಡಿ. ಲಿಂಕ್ಡ್ ಡಿವೈಸಸ್ ತೆರೆದು ನೋಡಿ. ಸೈಬರ್ ಸೆಂಟರಿನ ಕಂಪ್ಯೂಟರ್, ಬಿಟ್ಟುಹೋದ ಹುಡುಗಿಯ ಲ್ಯಾಪ್‌ಟಾಪ್ ಇನ್ನೂ ಅಲ್ಲಿದ್ದರೆ ಲಾಗ್ ಔಟ್ ಮಾಡಿ. ಬ್ಯಾಕಪ್‌ಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಆನ್ ಮಾಡಬಹುದು. ಅದರ ಪಾಸ್‌ವರ್ಡ್ ಮರೆತರೆ ಬ್ಯಾಕಪ್ ಮತ್ತೆ ತೆಗೆಯಲು ಆಗುವುದಿಲ್ಲ, ನೆನಪಿರಲಿ.

‘ಮದುವೆ ಕರೆಯೋಲೆ’, ‘ಟ್ರಾಫಿಕ್ ಚಲನ್’ ಅಂತ ಎಪಿಕೆ ಫೈಲ್ ಬಂದರೆ ಒತ್ತಲೇಬೇಡಿ. ಅದು ಫೋನಿನ ಎಸ್ಎಂಎಸ್, ಒಟಿಪಿ ಓದಿಕೊಳ್ಳುವ ಆ್ಯಪ್ ಆಗಿರುತ್ತದೆ. ಆಮೇಲೆ ನಿಮ್ಮ ಹೆಸರಿನಲ್ಲೇ ನಿಮ್ಮ ಗಿರಾಕಿಗಳಿಗೆ ‘ಅರ್ಜೆಂಟ್ ದುಡ್ಡು ಬೇಕು’ ಅಂತ ಮೆಸೇಜ್ ಹೋಗುತ್ತದೆ.

ತಕ್ಷಣ ಸಾಲ ಕೊಡುವ ಆ್ಯಪುಗಳೂ ಅಷ್ಟೆ. ಸಾಲದ ಆ್ಯಪ್ ಕಾಂಟ್ಯಾಕ್ಟ್ ಲಿಸ್ಟ್ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕಳ್ಳ ಆ್ಯಪುಗಳಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಅಂಗಡಿಯ ಫೋನಿನಲ್ಲಿ ಅಂಥದ್ದು ಒಂದು ಇದ್ದರೆ, ಕಂತು ತಪ್ಪಿದ ದಿನ ವಸೂಲಿಯವರು ಫೋನ್ ಮಾಡುವುದು ನಿಮ್ಮ ಗಿರಾಕಿಗಳಿಗೆ.

5. ಶೀಟು, ಫಾರ್ಮು, ಕೆಲಸದವರು

ಗೂಗಲ್ ಶೀಟಿನ ಶೇರ್ ಬಟನ್ ಒತ್ತಿ. ‘ಎನಿವನ್ ವಿತ್ ದ ಲಿಂಕ್’ ಅಂತಿದ್ದರೆ ‘ರಿಸ್ಟ್ರಿಕ್ಟೆಡ್’ ಮಾಡಿ, ಬೇಕಾದವರ ಮೇಲ್ ಐಡಿ ಮಾತ್ರ ಸೇರಿಸಿ. ಗೂಗಲ್ ಫಾರ್ಮ್ ಸೆಟ್ಟಿಂಗ್‌ನಲ್ಲಿ ಉತ್ತರಗಳ ಸಾರಾಂಶ ಎಲ್ಲರಿಗೂ ತೋರಿಸುವ ಆಯ್ಕೆ ಇದೆ. ಅದು ಆನ್ ಆಗಿದ್ದರೆ ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ನೋಡಬಹುದು. ಆಫ್ ಮಾಡಿ, ಬೇರೆ ಫೋನಿನಿಂದ ಸುಳ್ಳು ಹೆಸರಲ್ಲಿ ಒಂದು ಫಾರ್ಮ್ ತುಂಬಿ ಪರೀಕ್ಷೆ ಮಾಡಿ.

ಪ್ಯಾಕಿಂಗ್ ಹುಡುಗಿಗೆ ಬೇಕಾದ್ದು ಆ ದಿನದ ವಿಳಾಸ. ನಾಲ್ಕು ವರ್ಷದ ಶೀಟು ಬೇಡ. ಟೈಲರಿಗೆ ಅಳತೆ ಬೇಕು, ಹೆಸರು ನಂಬರ್ ಬೇಡ. ಆರ್ಡರ್ ನಂಬರ್ ಬರೆದು ಅಳತೆ ಕಳಿಸಿ, ‘ಆರ್ಡರ್ 418, ತೋಳು 10, ಬೆನ್ನು ಆಳ 8’ ಅಂದರೆ ಸಾಕು. ಆ ಚೀಟಿ ಎಲ್ಲಿ ಬಿದ್ದರೂ ಯಾರದು ಅಂತ ಗೊತ್ತಾಗುವುದಿಲ್ಲ.

ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟು ಗೋಡೆಗೆ ಅಂಟಿಸುವುದು ಬೇಡ. ಯಾರಾದರೂ ಕೆಲಸ ಬಿಟ್ಟರೆ ಅದೇ ದಿನ ಶೀಟಿನಿಂದ ಅವರ ಹೆಸರು ತೆಗೆಯಿರಿ, ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಬದಲಿಸಿ, ಅವರ ಸ್ವಂತ ಫೋನಿನಲ್ಲಿ ಗಿರಾಕಿಗಳ ನಂಬರ್, ಫೋಟೊ ಇದ್ದರೆ ನಿಮ್ಮೆದುರಿಗೇ ಅಳಿಸಲು ಹೇಳಿ. ಕೇಳಲು ಸಂಕೋಚ ಅನ್ನಿಸಬಹುದು. ಸೇರಿಸಿಕೊಳ್ಳುವ ದಿನವೇ ‘ಬಿಡುವಾಗ ಹೀಗೆ ಮಾಡ್ತೀವಿ’ ಅಂತ ಹೇಳಿಟ್ಟರೆ ಸಂಕೋಚ ಇರುವುದಿಲ್ಲ.

ಫೋನ್ ರಿಪೇರಿಗೆ ಕೊಡುವ ಮೊದಲು ಬ್ಯಾಕಪ್ ತಗೊಂಡು ಅಳಿಸಿ ಕೊಡಿ. ಮಾರುವುದಾದರೆ ಗೂಗಲ್ ಖಾತೆಯಿಂದ ಹೊರಬಂದು ಫ್ಯಾಕ್ಟರಿ ರೀಸೆಟ್ ಮಾಡಿ, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ.

6. ಬೇರೆಯವರ ಕೈಗೆ ಕೊಡುವಾಗ

ಕೊರಿಯರ್ ಕಂಪನಿ, ವೆಬ್‌ಸೈಟ್ ಮಾಡಿಕೊಟ್ಟವರು, ಬಿಲ್ಲಿಂಗ್ ಆ್ಯಪ್, ಲೆಕ್ಕದವರು ಇವರೆಲ್ಲರ ಹತ್ತಿರವೂ ನಿಮ್ಮ ಗಿರಾಕಿಗಳ ಮಾಹಿತಿ ಹೋಗುತ್ತದೆ. ಅವರ ಕೈಯಿಂದ ಸೋರಿದರೂ ಕಾಯ್ದೆ ಮೊದಲು ಕೇಳುವುದು ನಿಮ್ಮನ್ನೇ. ಆದ್ದರಿಂದ ಒಂದು ಕರಾರು ಇರಬೇಕು. ದೊಡ್ಡ ಕಂಪನಿಗಳದ್ದು ಅವರ ಷರತ್ತುಗಳಲ್ಲಿ ಇರುತ್ತದೆ, ಓದಿ. ಊರಿನ ಹುಡುಗ ವೆಬ್‌ಸೈಟ್ ಮಾಡಿಕೊಟ್ಟಿದ್ದರೆ ಒಂದು ಪುಟ ಬರೆಸಿ ಸಹಿ ಹಾಕಿಸಿ: ಈ ಮಾಹಿತಿ ಈ ಕೆಲಸಕ್ಕೆ ಮಾತ್ರ, ಬೇರೆಯವರಿಗೆ ಕೊಡುವಂತಿಲ್ಲ, ಸೋರಿದರೆ ಅವತ್ತೇ ತಿಳಿಸಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. ಡೊಮೇನ್, ಹೋಸ್ಟಿಂಗ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ.

ಫೇಸ್‌ಬುಕ್ ಜಾಹೀರಾತಿಗೆ ‘ಗಿರಾಕಿಗಳ ಲಿಸ್ಟ್ ಅಪ್‌ಲೋಡ್ ಮಾಡಿ, ಅಂಥವರಿಗೇ ತೋರಿಸೋಣ’ ಅನ್ನುವ ಸಲಹೆ ಬರುತ್ತದೆ. ಸೀರೆ ಕೊಳ್ಳಲು ಕೊಟ್ಟ ನಂಬರ್ ಅದು. ಒಪ್ಪಿಗೆ ಇಲ್ಲದೆ ಹಾಕಬೇಡಿ. ಎಐ ಚಾಟ್‌ಬಾಟಿಗೆ ‘ಈ ಶೀಟ್ ನೋಡಿ ಯಾವ ಸೀರೆ ಜಾಸ್ತಿ ಹೋಗಿದೆ ಹೇಳು’ ಅನ್ನುವ ಮೊದಲು ಹೆಸರು, ನಂಬರ್, ವಿಳಾಸದ ಕಾಲಂ ತೆಗೆದುಬಿಡಿ. ಉತ್ತರ ಅಷ್ಟೇ ಚೆನ್ನಾಗಿ ಬರುತ್ತದೆ.

ಇನ್ನೊಂದು ಚಿಕ್ಕ ವಿಷಯ. ಹಳೆಯ ಆರ್ಡರ್ ಪ್ರಿಂಟ್‌ಗಳನ್ನು ಉಂಡೆ ಮಾಡಿ ಪಾರ್ಸೆಲ್ ಒಳಗೆ ತುರುಕುವ ಅಭ್ಯಾಸ ಬಹಳ ಕಡೆ ಇದೆ. ಮೈಸೂರಿನ ಗಿರಾಕಿಯ ಡಬ್ಬಿಯಲ್ಲಿ ಬೀದರಿನವರ ವಿಳಾಸ, ನಂಬರ್ ಸಿಕ್ಕಿದರೆ ಚೆನ್ನಾಗಿರುತ್ತದಾ? ತುಂಬಲು ದಿನಪತ್ರಿಕೆ ಬಳಸಿ. ಹಾಳಾದ ಲೇಬಲ್‌ಗಳನ್ನು ಹರಿದು ಎಸೆಯಿರಿ.

ಲಂಡನ್, ಫ್ರಾಂಕ್‌ಫರ್ಟ್ ಕಡೆಯ ಕನ್ನಡಿಗರಿಗೆ ಅಂತಲೇ ಪುಟ ಮಾಡಿ, ಪೌಂಡ್ ಯೂರೊದಲ್ಲಿ ಬೆಲೆ ಹಾಕಿ ಮಾರುವವರಿದ್ದರೆ ಆ ದೇಶಗಳ ಜಿಡಿಪಿಆರ್ ಅನ್ನುವ ಡೇಟಾ ಸಂರಕ್ಷಣೆ ಕಾನೂನೂ ತಗುಲಬಹುದು. ಆಗ ಒಬ್ಬ ವಕೀಲರನ್ನು ಕೇಳುವುದೇ ಸರಿ.

7. ಎಷ್ಟು ದಿನ ಇಡಬೇಕು, ಯಾವಾಗ ಅಳಿಸಬೇಕು

ಕೆಲಸ ಮುಗಿದ ಮೇಲೆ ಮಾಹಿತಿ ಅಳಿಸಬೇಕು, ಬೇರೆ ಕಾನೂನು ಇಡಬೇಕು ಅಂದಿದ್ದರೆ ಮಾತ್ರ ಇಡಬೇಕು. ಇದು ಮೂಲ ಸೂತ್ರ. ಬಿಲ್ಲುಗಳ ವಿಷಯದಲ್ಲಿ ಜಿಎಸ್‌ಟಿ ಕಾನೂನು ಹಾಗೆ ಹೇಳುತ್ತದೆ. ನೋಂದಣಿ ಆದವರು ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಡಿಪಿಡಿಪಿ ನಿಯಮಗಳಲ್ಲೂ ಮಾಹಿತಿ ಮತ್ತು ಅದನ್ನು ಬಳಸಿದ ಲಾಗ್ (ಯಾರು ಯಾವಾಗ ಬಳಸಿದರು ಅನ್ನುವ ದಾಖಲೆ) ಕನಿಷ್ಠ ಒಂದು ವರ್ಷ ಇರಬೇಕು ಅನ್ನುವ ಮಾತಿದೆ.

ಇದನ್ನೆಲ್ಲ ಇಟ್ಟುಕೊಂಡು ಸೀರೆ ಅಂಗಡಿ ಹೀಗೆ ಮಾಡಬಹುದು. ಬಿಲ್ಲು ಲೆಕ್ಕದ ಫೋಲ್ಡರಿನಲ್ಲಿ, ಕಾನೂನು ಹೇಳಿದಷ್ಟು ಕಾಲ. ಆರ್ಡರ್ ಶೀಟು, ಅಳತೆ ಒಂದು ವರ್ಷ. ‘ಮುಂದಿನ ಸಲಕ್ಕೂ ಇಟ್ಟುಕೊಳ್ಳಿ’ ಅಂದವರ ಅಳತೆ ಮಾತ್ರ ಅದಕ್ಕೂ ಹೆಚ್ಚು. ಏಪ್ರಿಲ್‌ನಲ್ಲಿ ಹೇಗೂ ಹೊಸ ಲೆಕ್ಕ ಶುರುಮಾಡುತ್ತೀರಲ್ಲ, ಅದೇ ವಾರ ಹಳೆಯದನ್ನು ತೆಗೆಯುವ ಕೆಲಸವೂ ಇರಲಿ. ಅಳಿಸುವಾಗ ಟ್ರ್ಯಾಶ್ ಫೋಲ್ಡರ್, ಗೂಗಲ್ ಫೋಟೋಸ್, ಲ್ಯಾಪ್‌ಟಾಪ್ ಪ್ರತಿ ಎಲ್ಲ ನೋಡಿ. ಮೊದಲ ಹಂತದಲ್ಲಿ ಬರೆದ ಹಾಳೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

8. ಗಿರಾಕಿ ಕೇಳಿದಾಗ

ತನ್ನ ಬಗ್ಗೆ ಏನಿದೆ ಅಂತ ಕೇಳುವ, ತಪ್ಪಿದ್ದರೆ ತಿದ್ದಿಸುವ, ಬೇಡವಾದರೆ ತೆಗೆಸುವ ಹಕ್ಕು ಗಿರಾಕಿಗಿದೆ. ‘ಅಕ್ಕಾ, ನಂಗೆ ಮೆಸೇಜ್ ಕಳಿಸ್ಬೇಡಿ, ನನ್ನ ನಂಬರ್ ತೆಗೀರಿ’ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತಲೂ ಕೇಳಬೇಡಿ. ‘ಆಯ್ತಮ್ಮ, ಲಿಸ್ಟಿನಿಂದ ಇವತ್ತೇ ತೆಗೆದಿದ್ದೀನಿ. ಬಿಲ್ ಮಾತ್ರ ಲೆಕ್ಕಕ್ಕೆ ಅಂತ ಇರುತ್ತೆ, ಆರ್ಡರ್ ವಿವರ ವರ್ಷ ಆದಮೇಲೆ ಅಳಿಸ್ತೀನಿ’ ಅಂತ ಉತ್ತರ ಕೊಟ್ಟು, ಹೇಳಿದಂತೆ ಮಾಡಿ. ಒಪ್ಪಿಗೆ ಕೊಡುವುದು ಎಷ್ಟು ಸುಲಭ ಇತ್ತೋ ವಾಪಸ್ ತಗೊಳ್ಳುವುದೂ ಅಷ್ಟೇ ಸುಲಭ ಇರಬೇಕು. ಒಂದು ಮೆಸೇಜಿನಲ್ಲಿ ‘ಬೇಕು’ ಅಂದವರಿಗೆ ‘ಬೇಡ’ ಅನ್ನಲು ಫಾರ್ಮ್ ತುಂಬಿಸಬಾರದು.

ದೂರು ಬಂದರೆ 90 ದಿನದೊಳಗೆ ಇತ್ಯರ್ಥ ಮಾಡಬೇಕು ಅಂತ ನಿಯಮ. ನಿಜವಾಗಿ ಅಷ್ಟು ಎಳೆದರೆ ಆ ಗಿರಾಕಿ ಇನ್ನು ನಿಮ್ಮ ಕಡೆ ಬರುವುದಿಲ್ಲ. ಒಂದು ವಾರ ಜಾಸ್ತಿಯೇ. ಮಾಹಿತಿ ಕೊಡುವ ಮೊದಲು ಕೇಳುತ್ತಿರುವವರು ಅವರೇನಾ ಅಂತ ಖಾತ್ರಿ ಮಾಡಿಕೊಳ್ಳಿ. ‘ನಾನು ಅವರ ಯಜಮಾನರು, ವಿಳಾಸ ಹೇಳಿ’ ಅಂತ ಹೊಸ ನಂಬರಿನಿಂದ ಫೋನ್ ಬಂದರೆ ಹೇಳಬೇಡಿ. ಆರ್ಡರ್ ಮಾಡಿದ ನಂಬರಿಗೇ ಉತ್ತರ ಕಳಿಸಿ.

9. ಸೋರಿಹೋದರೆ

ಫೋನ್ ಕಳವಾಯಿತು, ವಾಟ್ಸಾಪ್ ಬೇರೆಯವರ ವಶವಾಯಿತು, ಶೀಟಿನ ಲಿಂಕ್ ಎಲ್ಲೋ ಹಂಚಿಹೋಯಿತು. ಮೊದಲು ತೂತು ಮುಚ್ಚಿ. ವಾಟ್ಸಾಪ್ ಹೋಗಿದ್ದರೆ ನಿಮ್ಮ ಸಿಮ್ ಹಾಕಿ ಮತ್ತೆ ರಿಜಿಸ್ಟರ್ ಮಾಡಿ, ಎಸ್ಎಂಎಸ್‌ನಲ್ಲಿ ಬರುವ 6 ಅಂಕಿಯ ಕೋಡ್ ಹಾಕಿದರೆ ಆ ಕಡೆಯವರು ಲಾಗ್ ಔಟ್ ಆಗುತ್ತಾರೆ. ಅವರು ಪಿನ್ ಇಟ್ಟುಬಿಟ್ಟಿದ್ದರೆ ಅದನ್ನು ತೆಗೆಸಲು 7 ದಿನ ಕಾಯಬೇಕಾಗುತ್ತದೆ. ಸಿಮ್ಮೇ ಹೋಗಿದ್ದರೆ ಕಂಪನಿಗೆ ಹೇಳಿ ಬ್ಲಾಕ್ ಮಾಡಿಸಿ ಹೊಸದು ತಗೊಳ್ಳಿ. ಗೂಗಲ್, ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಬೇರೆ ಫೋನಿನಿಂದ ಬದಲಿಸಿ.

ಆಮೇಲೆ ತಡಮಾಡದೆ ಗಿರಾಕಿಗಳಿಗೆ ತಿಳಿಸಿ. ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಡುವವರೇ ಜಾಸ್ತಿ. ವಂಚಕರ ಕೈಗೆ ಆರ್ಡರ್ ಪಟ್ಟಿ ಸಿಕ್ಕರೆ ಅವರು ಮಾಡುವುದು ಇದನ್ನೇ: ‘ನೀವು ಆರ್ಡರ್ ಮಾಡಿದ ಸೀರೆ ಪಾರ್ಸೆಲ್ ಸಿಕ್ಕಿಹಾಕಿಕೊಂಡಿದೆ, ಐದು ರೂಪಾಯಿ ಕಟ್ಟಿ’ ಅಂತ ಲಿಂಕ್ ಕಳಿಸುತ್ತಾರೆ. ಸೀರೆಯ ಬಣ್ಣ ಸಮೇತ ಹೇಳಿದರೆ ಯಾರು ನಂಬುವುದಿಲ್ಲ? ಮೊದಲೇ ನಿಮ್ಮ ಮೆಸೇಜ್ ಹೋಗಿದ್ದರೆ ಅವರು ಬಚಾವ್.

*‘ನಮ್ಮ ಅಂಗಡಿಯ ಫೋನ್ ನಿನ್ನೆ ಸಂಜೆ ಕಳವಾಗಿದೆ. ಅದರಲ್ಲಿ ನಿಮ್ಮ ಹೆಸರು, ನಂಬರ್, ವಿಳಾಸ ಇತ್ತು. ಸಿಮ್ ಬ್ಲಾಕ್ ಮಾಡಿಸಿದ್ದೇವೆ, ಪಾಸ್‌ವರ್ಡ್ ಬದಲಿಸಿದ್ದೇವೆ. ನಮ್ಮ ಹೆಸರಲ್ಲಿ ಯಾರಾದರೂ ದುಡ್ಡು, ಒಟಿಪಿ ಕೇಳಿದರೆ, ಲಿಂಕ್ ಕಳಿಸಿದರೆ ನಂಬಬೇಡಿ. ಸಂಶಯ ಇದ್ದರೆ ಈ ನಂಬರಿಗೆ ಫೋನ್ ಮಾಡಿ.’*

ಏನಾಯಿತು, ಅದರಿಂದ ಏನು ತೊಂದರೆ ಆಗಬಹುದು, ನೀವೇನು ಮಾಡಿದಿರಿ, ಅವರೇನು ಮಾಡಬೇಕು, ಯಾರನ್ನು ಕೇಳಬೇಕು ಎಲ್ಲ ಇದರಲ್ಲಿ ಬಂತು. ನಿಯಮ ಕೇಳುವುದೂ ಇದನ್ನೇ.

ಡಿಪಿಡಿಪಿ ನಿಯಮಗಳ ಈ ಭಾಗ ಜಾರಿಗೆ ಬಂದ ಮೇಲೆ ಬೋರ್ಡಿಗೂ ತಡಮಾಡದೆ ತಿಳಿಸಬೇಕು, ವಿವರವಾದ ವರದಿ 72 ಗಂಟೆಯೊಳಗೆ ಕೊಡಬೇಕು. ಸೈಬರ್ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅನ್ನುವ 2022ರ ಏಪ್ರಿಲ್ ಆದೇಶ ಈಗಲೂ ಇದೆ. ಯಾರಾದರೂ ದುಡ್ಡು ಕಳೆದುಕೊಂಡಿದ್ದರೆ ಅವರಿಂದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಆನ್‌ಲೈನ್ ದೂರನ್ನೂ ಕೊಡಬಹುದು. ಬೇಗ ತಿಳಿಸಿದಷ್ಟೂ ದುಡ್ಡು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಇದೆಲ್ಲ ನಡೆಯುವಾಗ ಕೈಯಲ್ಲೊಂದು ನೋಟ್‌ಬುಕ್ ಇರಲಿ. ಯಾವಾಗ ಗೊತ್ತಾಯಿತು, ಎಷ್ಟು ಗಂಟೆಗೆ ಸಿಮ್ ಬ್ಲಾಕ್ ಆಯಿತು, ಎಷ್ಟು ಜನರ ಮಾಹಿತಿ ಇತ್ತು, ಯಾರಿಗೆಲ್ಲ ಮೆಸೇಜ್ ಹೋಯಿತು, ದೂರಿನ ನಂಬರ್ ಏನು ಅಂತ ಆಗಿಂದಾಗಲೇ ಬರೆಯಿರಿ. ವರದಿ ತುಂಬಲು ಕೂತಾಗ ಬೇಕಾಗುವ ಉತ್ತರಗಳು ಅವೇ.